ಗುಡ್ಡದ ಹಿಂದಿನ ಧ್ರುವ

ದೂರದರ್ಶಕವನ್ನು ಹೊತ್ತು ನಕ್ಷತ್ರಗಳ ಜೊತೆಗೇ ತಿರುಗಿಸುವ ಮೌಂಟ್ ಕೊಳ್ಳುವವರು ಮೊದಲು ಮೋಟಾರಿನ ಬಗ್ಗೆ ವಿಚಾರಿಸುತ್ತಾರೆ. ನಮ್ಮ ಕಡೆಯವರು ಮೊದಲು ನೋಡಬೇಕಾದದ್ದು ಅದು ಎಷ್ಟು ತಗ್ಗಿ ನಿಲ್ಲಬಲ್ಲದು ಎಂಬುದನ್ನು. ನಕ್ಷತ್ರಗಳೆಲ್ಲ ಸುತ್ತುವಂತೆ ಕಾಣುವ ಬಿಂದು, ಅಂದರೆ ಆಕಾಶದ ಧ್ರುವ, ದಿಗಂತದಿಂದ ಎಷ್ಟು ಮೇಲಿದೆಯೋ ಅಷ್ಟೇ ಕೋನದಲ್ಲಿ ಮೌಂಟಿನ ಅಕ್ಷವೂ ನಿಲ್ಲಬೇಕು. ಕೊಪ್ಪಳದಲ್ಲಿ ಆ ಕೋನ ಬರೀ 15 ಡಿಗ್ರಿ ಚಿಲ್ಲರೆ. ಅಕ್ಷ ಅಷ್ಟು ಮಲಗಿದಾಗ ದೂರದರ್ಶಕದ ಭಾರ ಸರಿದೂಗಿಸುವ ಕೌಂಟರ್‌ವೇಟಿನ ಸರಳು ಟ್ರೈಪಾಡಿನ ಕಾಲಿಗೆ ಬಡಿಯುವ ಮೌಂಟ್‌ಗಳೇ ಹೆಚ್ಚು. ನಾನು ಮೌಂಟಿಗೂ ಟ್ರೈಪಾಡಿಗೂ ನಡುವೆ ಗಿಡ್ಡ ಕಂಬವೊಂದನ್ನು ಸೇರಿಸಿಕೊಂಡೇ ಆನೆಗೊಂದಿಗೆ ಹೊರಟೆ.

ಜನವರಿ, ಅಮಾವಾಸ್ಯೆಯ ಆಸುಪಾಸು. ಗೆಳೆಯನ ಸೋದರಮಾವನ ಹೊಲ. ಆಗ್ನೇಯಕ್ಕೆ ಕಾರ್ಖಾನೆಗಳ ಬೆಳಕು ಆಕಾಶವನ್ನು ಕೆಂಪಾಗಿಸಿತ್ತು. ಆದರೆ ನಡುನೆತ್ತಿಯ ಕಡೆ ಕತ್ತಲು ಚೊಕ್ಕವಾಗಿತ್ತು. ಉತ್ತರಕ್ಕೆ ಮಾತ್ರ ಬಂಡೆಗಳ ಗುಡ್ಡ. ಧ್ರುವ ನಕ್ಷತ್ರ ಅದರ ಹಿಂದೆ.

"ಅಲ್ಲ ತಮ್ಮಾ, ಧ್ರುವನೇ ಕಾಣದಿದ್ದರೆ ಯಂತ್ರ ಯಾವ ಕಡೆಗೆ ತಿರುಗಿಸುತ್ತೀ?" ಎಂದರು ಮಾವ.

ಅದೇ ಸರಿಯಾದ ಪ್ರಶ್ನೆ. ಕಂಡಿದ್ದರೂ ನಾನು ಆ ನಕ್ಷತ್ರವನ್ನು ಪೂರ್ತಿ ನಂಬುತ್ತಿರಲಿಲ್ಲ. ಅಷ್ಟು ಕೆಳಗಿರುವ ನಕ್ಷತ್ರದ ಬೆಳಕನ್ನು ವಾತಾವರಣ ಬಾಗಿಸಿ, ಅದನ್ನು ಸುಮಾರು ಮೂರೂವರೆ ಆರ್ಕ್ ಮಿನಿಟ್ (ಒಂದು ಆರ್ಕ್ ಮಿನಿಟ್ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಎತ್ತರಿಸಿ ತೋರಿಸುತ್ತದೆ. ಆದ್ದರಿಂದ ಹಳೆಯ ವಿಧಾನವನ್ನೇ ಹಿಡಿದೆ: ನಕ್ಷತ್ರ ಸರಿಯುವುದನ್ನು ನೋಡಿ ಅಕ್ಷವನ್ನು ತಿದ್ದುವುದು. ನೆತ್ತಿಯ ದಕ್ಷಿಣಕ್ಕೆ ಬಂದಿದ್ದ ಮಹಾವ್ಯಾಧನ (ಓರಿಯನ್) ನಡುಪಟ್ಟಿಯ ಮಿಂಟಾಕಾ ನಕ್ಷತ್ರ ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ವಾಲಿದೆ ಎಂದರ್ಥ. ಪೂರ್ವದಲ್ಲಿ ಏರುತ್ತಿರುವ ನಕ್ಷತ್ರ ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ. ಪೂರ್ವಕ್ಕೆ ನಾನು ಆರಿಸಿಕೊಂಡದ್ದು ಮಘಾ ನಕ್ಷತ್ರವನ್ನು. ಮಾವನಿಗೆ ಮಘೆ ಆಗಸ್ಟಿನ ಮಳೆಯಾಗಿ ಗೊತ್ತು, ಮಳೆ ನಕ್ಷತ್ರಗಳೆಲ್ಲ ಅವರ ಬಾಯಿಯಲ್ಲಿವೆ. ಅದನ್ನು ಚುಕ್ಕೆಯಾಗಿ ಗುರುತಿಸಿ ನೋಡಿದ್ದು ಅವರಿಗೆ ಅದೇ ಮೊದಲು. ಕಣ್ಣು ತೆಗೆಯಲು ಮನಸ್ಸಿಲ್ಲದೆ ನಿಂತರು, ನಾನೂ ಅವಸರ ಮಾಡಲಿಲ್ಲ.

ತಿದ್ದುತ್ತ ತಿದ್ದುತ್ತ ಕೊನೆಗೆ ಐದು ನಿಮಿಷ ಕಾದರೂ ನಕ್ಷತ್ರ ಉತ್ತರಕ್ಕಾಗಲಿ ದಕ್ಷಿಣಕ್ಕಾಗಲಿ ಒಂದು ಪಿಕ್ಸೆಲ್ ಕದಲಲಿಲ್ಲ. ನನ್ನ ದೂರದರ್ಶಕದ ಸಂಗಮದೂರ 400 ಮಿ.ಮೀ., ಕ್ಯಾಮೆರಾದ ಪಿಕ್ಸೆಲ್ 3.76 ಮೈಕ್ರಾನ್. ಹಾಗಾಗಿ ಒಂದು ಪಿಕ್ಸೆಲ್ ಆಕಾಶದಲ್ಲಿ ಸುಮಾರು 1.94 ಆರ್ಕ್ ಸೆಕೆಂಡ್ (ಆರ್ಕ್ ಮಿನಿಟಿನ ಅರವತ್ತನೇ ಒಂದು ಭಾಗ ಒಂದು ಆರ್ಕ್ ಸೆಕೆಂಡ್). ಅಕ್ಷದ ದೋಷ ಒಂದೂವರೆ ಆರ್ಕ್ ಮಿನಿಟಿನೊಳಗೆ ಬಂದಿತ್ತು.

ಉಳಿದದ್ದು ಗೇರಿನ ಪರೀಕ್ಷೆ. ನಕ್ಷತ್ರವೊಂದನ್ನು ನೋಡುತ್ತ ಮೌಂಟನ್ನು ತಿದ್ದುತ್ತಲೇ ಇರುವ ಗೈಡ್ ಕ್ಯಾಮೆರಾ, ಲ್ಯಾಪ್‌ಟಾಪ್, ಅವುಗಳ ಕೇಬಲ್, ಅವುಗಳ ಬ್ಯಾಟರಿ ಇವೆಲ್ಲ ಹೊಲದಲ್ಲಿ ದೊಡ್ಡ ಹೊರೆ. ಅವಿಲ್ಲದೆ ಕೆಲಸ ಆಗಬೇಕೆಂಬುದೇ ನನ್ನ ಆಸೆ. ಅಕ್ಷವನ್ನು ತಿರುಗಿಸುವ, ತಿರುಪಿನಂಥ ವರ್ಮ್ ಗೇರ್ ಎಷ್ಟೇ ನಯವಾಗಿದ್ದರೂ ಪ್ರತಿ ಸುತ್ತಿಗೂ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಓಲಾಡುತ್ತದೆ. 180 ಹಲ್ಲಿನ ಚಕ್ರಕ್ಕೆ ಆ ಸುತ್ತು ಸುಮಾರು ಎಂಟು ನಿಮಿಷ. ಈ ಮೌಂಟಿನಲ್ಲಿ ಅಕ್ಷಕ್ಕೇ ತಿರುಗುವಿಕೆಯನ್ನು ಅಳೆಯುವ ಎನ್‌ಕೋಡರ್ ಇದೆ. ಓಲಾಟವನ್ನು ಅಳೆದು ಅದೇ ತಿದ್ದಿಕೊಳ್ಳಬೇಕು. ಗುರಿ ಕುದುರೆತಲೆ ನೀಹಾರಿಕೆ. ಅದು ಆಕಾಶದ ವಿಷುವದ್ವೃತ್ತದ ಪಕ್ಕದಲ್ಲೇ ಇರುವುದರಿಂದ ಮೋಟಾರಿನ ತಪ್ಪು ಚಿತ್ರದಲ್ಲಿ ಪೂರ್ತಿಯಾಗಿ ಬೀಳುತ್ತದೆ, ಧ್ರುವದ ಹತ್ತಿರದಲ್ಲಾದರೆ ಮರೆಯಾಗಿಬಿಡುತ್ತದೆ.

ಎರಡು ನಿಮಿಷದ ಎಕ್ಸ್‌ಪೋಷರ್‌ಗಳಲ್ಲಿ ನಕ್ಷತ್ರಗಳು ದುಂಡಾಗಿ ಬಂದವು, ಗೇರಿನ ಸುತ್ತಿನ ಯಾವ ಭಾಗದಲ್ಲಿ ತೆಗೆದರೂ. ಮೂರು ನಿಮಿಷಕ್ಕೂ ಹಾಗೆಯೇ. ಐದಕ್ಕೆ ಏರಿಸಿದಾಗ ಮೂಲೆಗಳಲ್ಲಿ ತುಸು ಉದ್ದವಾದವು, ಗಾಳಿಯೂ ಎದ್ದಿತ್ತು. ನನಗೆ ಮೂರು ನಿಮಿಷ ಧಾರಾಳವಾಯಿತು. ಅಕ್ಷವನ್ನು ಕಾಣದ ಧ್ರುವಕ್ಕೆ ಕೈಯಾರೆ ಹೊಂದಿಸಿ ಗೈಡಿಂಗ್ ಇಲ್ಲದೆ ಇಷ್ಟು ಸಿಕ್ಕಿದ್ದಕ್ಕೆ ನನ್ನ ಖುಷಿಗೆ ಪಾರವಿರಲಿಲ್ಲ.

ಏಪ್ರಿಲ್‌ನಲ್ಲಿ ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ದಕ್ಷಿಣದಲ್ಲಿ 27 ಡಿಗ್ರಿ ಎತ್ತರಕ್ಕೆ ಬರುತ್ತದೆ. ಅದಕ್ಕೆ ಕಾರ್ಖಾನೆಯ ಬೆಳಕು ತಾಗದ ಜಾಗ ಬೇಕು. ಕುಷ್ಟಗಿ ಕಡೆಯ ಬಯಲನ್ನು ಗುರುತಿಸಿಟ್ಟಿದ್ದೇನೆ. ಮಾವನೂ ಬರುತ್ತೇನೆ ಎಂದಿದ್ದಾರೆ.