ಪ್ಲಾಂಚ್ ಲಾಗ್: ಈ ಸುತ್ತು ಪೂರ್ತಿ ಅಂಗೈಗೆ

ಪ್ಲಾಂಚ್ ಅಂದರೆ ಎರಡು ಕೈ ಮಾತ್ರ ನೆಲಕ್ಕೆ ಊರಿ, ಮೊಣಕೈ ಮಡಚದೆ, ಇಡೀ ಮೈಯನ್ನು ನೆಲಕ್ಕೆ ಸಮಾನಾಂತರವಾಗಿ ಎತ್ತಿ ನಿಲ್ಲಿಸುವ ಕಸರತ್ತು. ಹೋದ ಸಲ ಬರೆದಾಗ ಅದರ ಸುಲಭ ರೂಪವಾದ ಟಕ್ ಪ್ಲಾಂಚ್ ಕೈಗೆ ಬಂದಿತ್ತು. ಮೊಣಕಾಲು ಎದೆಗೆ ಒತ್ತಿಕೊಂಡು, ಮೊಣಕೈ ನೆಟ್ಟಗಿಟ್ಟು, ಪಾದ ಎತ್ತಿ 10 ಸೆಕೆಂಡ್ ನೆಮ್ಮದಿಯಾಗಿ ನಿಲ್ಲುವಷ್ಟು. ಮುಂದಿನ ಮೆಟ್ಟಿಲು ಅಡ್ವಾನ್ಸ್‌ಡ್ ಟಕ್. ಅದರಲ್ಲಿ ಬೆನ್ನು ಚಪ್ಪಟೆಯಾಗಬೇಕು, ತೊಡೆ ಎದೆ ಬಿಟ್ಟು ಸೊಂಟದ ಕೆಳಗೆ ಬರಬೇಕು. ನೋಡೋಕೆ ಸಣ್ಣ ಬದಲಾವಣೆ. ಆದರೆ ಮಣಿಕಟ್ಟಿಗೆ ಅದು ಬೇರೆಯದೇ ಲೋಕ.

ಲೆಕ್ಕ ಸರಳ. ಪ್ಲಾಂಚ್‌ನಲ್ಲಿ ನೆಲ ಮುಟ್ಟುವುದು ಎರಡು ಅಂಗೈ ಮಾತ್ರ. ಇಡೀ ಮೈಯ ಭಾರದ ನಡು ಅವುಗಳ ಮೇಲೇ ಬೀಳಬೇಕು. ಸೊಂಟ, ಕಾಲು ಹಿಂದೆ ಹೋದಷ್ಟೂ ಹೆಗಲು ಮುಂದೆ ವಾಲಬೇಕು. ಹೆಗಲು ಮುಂದೆ ಹೋದಷ್ಟೂ ಮಣಿಕಟ್ಟು ಜಾಸ್ತಿ ಮಡಚುತ್ತದೆ. ಬೆರಳು ನೇರ ಮುಂದಕ್ಕಿಟ್ಟರೆ ಮಡಿಕೆ 90 ಡಿಗ್ರಿ ದಾಟಿಬಿಡುತ್ತದೆ. ಹೆಗಲಲ್ಲಿ ಎಷ್ಟೇ ಶಕ್ತಿ ಇದ್ದರೂ ಮಣಿಕಟ್ಟು ಅಷ್ಟು ಮಡಚದಿದ್ದರೆ ಮುಂದೆ ವಾಲೋಕೇ ಆಗಲ್ಲ. ಹಾಗಾಗಿ ಈ ಸುತ್ತಿನಲ್ಲಿ ಹೊಸ ವ್ಯಾಯಾಮ ಏನೂ ಸೇರಿಸಲಿಲ್ಲ. ಕೈ ಎಲ್ಲಿಡಬೇಕು, ಯಾವ ಕಡೆ ತಿರುಗಿಸಬೇಕು, ಅಂಗೈಯ ಯಾವ ಭಾಗ ಒತ್ತಬೇಕು ಅನ್ನುವುದನ್ನೇ ಹಿಡಿದು ಕೂತೆ.

ತುಂಬಾ ಉಪಯೋಗಕ್ಕೆ ಬಂದದ್ದು ಅಚ್ಚು ನೋಡುವ ಅಭ್ಯಾಸ. ನಮ್ಮ ಮನೆಯ ಹಾಲ್‌ನಲ್ಲಿ ಹಳೇ ಕಾಲದ ಕೆಂಪು ರೆಡ್ ಆಕ್ಸೈಡ್ ನೆಲ ಇದೆ. ಕೈಗೆ ಚಾಕ್ ಪುಡಿ ತೆಳ್ಳಗೆ ಸವರಿಕೊಂಡು ಒಂದು ಹೋಲ್ಡ್ (ಭಂಗಿಯಲ್ಲಿ ಅಲುಗದೆ ನಿಲ್ಲುವುದು) ಮಾಡಿ, ಕೈಯನ್ನು ಎಳೆಯದೆ ನೇರ ಮೇಲಕ್ಕೆತ್ತಿದರೆ ನೆಲದ ಮೇಲೆ ಬಿಳಿ ಅಚ್ಚು ಉಳಿಯುತ್ತದೆ. ಎಲ್ಲಿ ಒತ್ತಡ ಜಾಸ್ತಿಯೋ ಅಲ್ಲಿ ಅಚ್ಚು ಗಟ್ಟಿ. ಮೊದಲ ವಾರದ ಅಚ್ಚುಗಳಲ್ಲಿ ಅಂಗೈಯ ಬುಡ, ಅದರಲ್ಲೂ ಕಿರುಬೆರಳಿನ ಕಡೆಯ ಅಂಚು ದಟ್ಟವಾಗಿ ಮೂಡಿತ್ತು. ತೋರುಬೆರಳ ಬುಡದ ಗೆಣ್ಣು ಇರಬೇಕಾದ ಜಾಗ ಬರೀ ಕೆಂಪು. ಬೆರಳುಗಳಿಂದ ಐದು ತುದಿಗಳ ಗುರುತು ಮಾತ್ರ, ಅದೂ ಮಸುಕಾಗಿ.

ಅಂದರೆ ಭಾರವೆಲ್ಲ ಮಣಿಕಟ್ಟಿನ ಹೊರಗಡೆಗೆ, ಕಿರುಬೆರಳಿನ ಪಕ್ಕದ ಸಣ್ಣ ಮೂಳೆಗಳ ಮೇಲೆ ಬೀಳುತ್ತಿತ್ತು. ಅಲ್ಲೇ ಒಳಗೆ ಮೆದು ಮೂಳೆಯ ಒಂದು ತೆಳು ತಟ್ಟೆ ಇದೆ. ಕೈಯಲ್ಲಿ ನಿಲ್ಲುವವರಿಗೆ ನೋವು ಕಾಡುವ ಜಾಗಗಳಲ್ಲಿ ಅದೂ ಒಂದು. ತೋರುಬೆರಳ ಗೆಣ್ಣನ್ನು ನೆಲಕ್ಕೆ ಊರಿದ ತಕ್ಷಣ ಭಾರ ಮುಂಗೈಯ ದಪ್ಪ ಮೂಳೆಯ ಕಡೆ ಸರಿಯುತ್ತದೆ. ಇದನ್ನು ಓದಿ ತಿಳಿಯುವುದಕ್ಕಿಂತ ಅಚ್ಚಿನಲ್ಲಿ ನೋಡುವುದು ಬೇರೆ. ಗೆಣ್ಣು ಊರಿ ಮಾಡಿದ ದಿನ ತೋರುಬೆರಳ ಬುಡದಲ್ಲಿ ನಾಣ್ಯದಷ್ಟು ಅಗಲದ ಬಿಳಿ ಗುರುತು ಬಿತ್ತು. ಹೋಲ್ಡ್ ಅಲುಗಾಡುವುದೂ ಆ ದಿನವೇ ಕಡಿಮೆಯಾಯಿತು.

ಬೆರಳುಗಳ ಕೆಲಸವನ್ನು ಬೇರೆಯಾಗಿಯೇ ಹೇಳಬೇಕು. ನಿಂತಾಗ ಕಾಲ್ಬೆರಳು ಮಾಡುವ ಕೆಲಸವನ್ನೇ ಇಲ್ಲಿ ಕೈಬೆರಳು ಮಾಡುತ್ತವೆ. ಮೈ ಮುಂದಕ್ಕೆ ಮುಗ್ಗರಿಸುತ್ತಿದೆ ಅನ್ನಿಸಿದಾಗ ತುದಿಬೆರಳಿಂದ ನೆಲ ಒತ್ತಿದರೆ ಹಿಂದಕ್ಕೆ ಬರುತ್ತೀರಿ. ಅಂಗೈಯನ್ನು ಪೂರ್ತಿ ಚಪ್ಪಟೆ ಮಲಗಿಸಿ ಬೆರಳು ಸಡಿಲ ಬಿಟ್ಟರೆ ಈ ಹಿಡಿತ ಸಿಗಲ್ಲ. ಬೆರಳ ನಡುಗಂಟನ್ನು ಸ್ವಲ್ಪ ಮೇಲೆತ್ತಿ, ತುದಿ ಮತ್ತು ಬುಡ ಎರಡನ್ನೂ ನೆಲಕ್ಕೆ ಕಚ್ಚಿಸಿಡಬೇಕು. ಹ್ಯಾಂಡ್‌ಸ್ಟ್ಯಾಂಡ್ ಮಾಡುವವರಿಗೆ ಇದು ಗೊತ್ತಿರುತ್ತದೆ. ಪ್ಲಾಂಚ್‌ಗೂ ಅಷ್ಟೇ ಬೇಕು. ಇನ್ನೊಂದು ಮಾತು: ಹಿಂದಕ್ಕೆ ಬೀಳುವಾಗ ಬೆರಳಿಂದ ಏನೂ ಆಗಲ್ಲ, ಅಂಗೈ ಬುಡಕ್ಕೆ ಆ ಶಕ್ತಿ ಇಲ್ಲ. ಅದಕ್ಕೇ ಒಂದು ಕೂದಲೆಳೆಯಷ್ಟು ಜಾಸ್ತಿಯೇ ಮುಂದೆ ವಾಲಿ, ಬೆರಳಲ್ಲಿ ತಡೆದುಕೊಂಡಿರುವುದು ಒಳ್ಳೆಯದು.

ಈಗ ದಿಕ್ಕಿನ ವಿಷಯ. ಬೆರಳು ನೇರ ಮುಂದಕ್ಕೆ, 45 ಡಿಗ್ರಿ ಹೊರಕ್ಕೆ, ಪೂರ್ತಿ ಪಕ್ಕಕ್ಕೆ, ಕಾಲ ಕಡೆಗೆ. ಮಣಿಕಟ್ಟು ಬಿಸಿ ಮಾಡಿಕೊಂಡು, ಮೊದಲು ಕಾಲು ನೆಲದಲ್ಲೇ ಇಟ್ಟು ಹೆಗಲು ಮಾತ್ರ ಮುಂದೆ ವಾಲಿಸುವ ಲೀನ್‌ನಲ್ಲಿ ನಾಲ್ಕನ್ನೂ ನೋಡಿದೆ.

ನೇರ ಮುಂದಕ್ಕಿಟ್ಟರೆ ಹಿಡಿತ ಸೊಗಸು. ಬೀಳುವ ದಿಕ್ಕಿನಲ್ಲೇ ಉದ್ದಕ್ಕೆ ಬೆರಳುಗಳಿರುತ್ತವೆ. ಆದರೆ ಮಣಿಕಟ್ಟಿಗೆ ಹೆಚ್ಚು ಹೊರೆ ಇದರಲ್ಲೇ. 45 ಡಿಗ್ರಿ ಹೊರಕ್ಕೆ ತಿರುಗಿಸಿದರೆ ಮಡಿಕೆ ಸ್ವಲ್ಪ ಸಡಿಲವಾಗುತ್ತದೆ, ಹೆಗಲೂ ಹೊರಕ್ಕೆ ತಿರುಗಿ ಭದ್ರವಾಗಿ ಕೂರುತ್ತದೆ. ಆದರೆ ಮೊಣಕೈಯ ಒಳಮಡಿಕೆ ಮುಂದಕ್ಕೆ ಬಂದಷ್ಟೂ ಬೈಸೆಪ್ಸ್‌ನ ಕೆಳತುದಿಯ ಸ್ನಾಯುರಜ್ಜು ಜಾಸ್ತಿ ಎಳೆಯುತ್ತದೆ. ಪೂರ್ತಿ ಪಕ್ಕಕ್ಕೆ ತಿರುಗಿಸಿದಾಗ ಆ ಎಳೆತ ಮೊಣಕೈ ಒಳಗೆ ಸ್ಪಷ್ಟವಾಗಿ ಗೊತ್ತಾಯಿತು. ಮಾಂಸಖಂಡ ಬೇಗ ಬಲಿಯುತ್ತದೆ, ರಜ್ಜು ನಿಧಾನ. ಆದ್ದರಿಂದ ಈ ಹಿಡಿತವನ್ನು ಅವಸರದಲ್ಲಿ ಭಾರದ ಹೋಲ್ಡ್‌ಗಳಿಗೆ ತರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೆರಳು ಕಾಲ ಕಡೆ ಇಡುವುದು ನಮಗೆ ಹೊಸದೇನಲ್ಲ. ಮಯೂರಾಸನದಲ್ಲಿ ಕೈ ಇಡುವುದೇ ಹಾಗೆ. ಮೈಸೂರಿನ ಪಟ್ಟಾಭಿ ಜೋಯಿಸರು ಕಲಿಸಿದ ಅಷ್ಟಾಂಗ ಪದ್ಧತಿಯ ಎರಡನೇ ಸರಣಿಯಲ್ಲಿ ಅದು ಬರುತ್ತದೆ. ಅಲ್ಲಿ ಮೊಣಕೈ ಮಡಚಿ ಹೊಟ್ಟೆಗೆ ಊರಿಕೊಳ್ಳುವುದರಿಂದ ಮುಂಡದ ಭಾರವನ್ನು ಮೊಣಕೈಯೇ ಹೊರುತ್ತದೆ, ಹೆಗಲಿಗೆ ಅಷ್ಟು ಕೆಲಸ ಇಲ್ಲ. ಪ್ಲಾಂಚ್‌ನಲ್ಲಿ ಅಂಥ ಊರುಗೋಲಿಲ್ಲ. ಬೆರಳು ಹಿಂದಿದ್ದಾಗ ಮುಂದೆ ವಾಲಿದರೆ ಮಣಿಕಟ್ಟು ಮಡಚುವ ಬದಲು ಬಿಚ್ಚಿಕೊಳ್ಳುತ್ತದೆ, ಅದೊಂದು ಸುಖ. ಆದರೆ ಮುಗ್ಗರಿಸಿದರೆ ತಡೆಯಲು ಮುಂದೆ ಬೆರಳೇ ಇಲ್ಲ, ಬೈಸೆಪ್ಸ್ ಮೇಲೆ ಎಳೆತವಂತೂ ಎಲ್ಲಕ್ಕಿಂತ ಜಾಸ್ತಿ. ಇದನ್ನು ಲೀನ್‌ಗಷ್ಟೇ ಉಳಿಸಿಕೊಂಡಿದ್ದೇನೆ.

ಕೊನೆಗೆ ನನಗೆ ಒಗ್ಗಿದ್ದು ನೇರಕ್ಕೂ 45ಕ್ಕೂ ನಡುವಿನ ಕೋನ. ತೋರುಬೆರಳು ನೇರ ಮುಂದೆ ನೋಡುತ್ತದೆ, ಉಳಿದವು ಬೀಸಣಿಗೆಯ ಹಾಗೆ ಹೊರಕ್ಕೆ ಹರಡುತ್ತವೆ. ಕೈಗಳ ನಡುವೆ ಹೆಗಲಿನಷ್ಟೇ ಅಗಲ. ಇನ್ನೂ ಅಗಲ ಮಾಡಿದರೆ ಹೆಗಲುಗಳ ನಡುವಿನ ಮೇಲ್ಬೆನ್ನನ್ನು ಮೇಲಕ್ಕೆ ಗುಮ್ಮಟವಾಗಿ ಒತ್ತುವುದು ಕಷ್ಟ.

ಪ್ಯಾರಲೆಟ್, ಅಂದರೆ ನೆಲದ ಮೇಲಿಟ್ಟು ಹಿಡಿಯುವ ಗಿಡ್ಡ ಹಿಡಿಗಳ ಜೋಡಿ, ಅದರ ಬಗ್ಗೆ ಸ್ವಲ್ಪ. ಹಾರ್ಡ್‌ವೇರ್ ಅಂಗಡಿಯಿಂದ ಒಂದೂಕಾಲು ಇಂಚಿನ ಪಿವಿಸಿ ಪೈಪ್, ಎಲ್ಬೋ, ಟೀ, ಎಂಡ್ ಕ್ಯಾಪ್, ಒಂದು ಡಬ್ಬಿ ಸಲ್ಯೂಷನ್ ತಂದು ಮನೆಯಲ್ಲೇ ಜೋಡಿಸಿದೆ. ಅಂಟಿಸುವ ಮೊದಲು ಸಮತಟ್ಟಾದ ನೆಲದ ಮೇಲಿಟ್ಟು ನಾಲ್ಕೂ ಕಾಲು ಕೂರುತ್ತಾ ನೋಡಿಕೊಳ್ಳಿ. ಸಲ್ಯೂಷನ್ ಹಿಡಿದ ಮೇಲೆ ತಿರುಗಿಸೋಕೆ ಬರಲ್ಲ. ಪೈಪ್ ಹಿಡಿದಾಗ ಮಣಿಕಟ್ಟು ಹಿಂದಕ್ಕೆ ಮಡಚುವುದೇ ಇಲ್ಲ, ಅದೇ ಇದರ ದೊಡ್ಡ ಲಾಭ. ಅಡ್ವಾನ್ಸ್‌ಡ್ ಟಕ್ ಮೊದಲು ನಿಂತದ್ದೂ ಇದರ ಮೇಲೆಯೇ. ಪೈಪ್ ಬೆರಳಿನ ಬುಡದಲ್ಲಿ ಕೂರಬಾರದು, ಅಂಗೈ ಬುಡದ ಹತ್ತಿರ, ಮುಂಗೈ ಮೂಳೆಯ ನೇರಕ್ಕೆ ಕೂರಬೇಕು. ಬೆರಳ ಕಡೆ ಜಾರಿದರೆ ಮಣಿಕಟ್ಟು ಮತ್ತೆ ಹಿಂದಕ್ಕೆ ಬಾಗುತ್ತದೆ, ಪೈಪ್ ಹಾಕಿದ್ದೇ ದಂಡ. ಮಳೆಗಾಲದಲ್ಲಿ ಕೈ ಬೆವರಿದರೆ ನುಣ್ಣನೆ ಪಿವಿಸಿ ಜಾರುತ್ತದೆ. ಹಾಗಾಗಿ ಕ್ರಿಕೆಟ್ ಬ್ಯಾಟಿಗೆ ಸುತ್ತುವ ಹತ್ತಿಯ ಟೇಪ್ ಸುತ್ತಿದ್ದೇನೆ.

ಯೋಗ ಮ್ಯಾಟ್ ಮೇಲೆ ಮಾಡುವವರಿಗೆ ಒಂದು ಸೂಚನೆ. ಮೆತ್ತನೆ ಮ್ಯಾಟ್‌ನಲ್ಲಿ ಅಂಗೈ ಬುಡ ಹೂತುಹೋಗಿ ಮಣಿಕಟ್ಟಿನ ಮಡಿಕೆ ಇನ್ನೂ ಜಾಸ್ತಿಯಾಗುತ್ತದೆ. ಗಟ್ಟಿ ನೆಲವೇ ವಾಸಿ. ಮಣಿಕಟ್ಟು ಅಷ್ಟು ಮಡಚದವರು ಅಂಗೈ ಬುಡದ ಕೆಳಗೆ ಇಳಿಜಾರಾಗಿ ಕೆತ್ತಿದ ಮರದ ಬೆಣೆ ಇಟ್ಟುಕೊಳ್ಳಬಹುದು.

ಜೊತೆಜೊತೆಗೇ ಎಲ್-ಸಿಟ್‌ಗೂ ಇದೇ ಕಣ್ಣಿಂದ ನೋಡಿದೆ. ಅದರಲ್ಲಿ ಕೂತು, ಕಾಲು ನೇರ ಮುಂದೆ ಚಾಚಿ, ಕೈ ಒತ್ತಿ ಮೈಯನ್ನೆಲ್ಲ ನೆಲದಿಂದ ಎತ್ತಬೇಕು. ಹಾಗೆ ಎತ್ತುವಾಗ ಕೈ ಸೊಂಟದ ಪಕ್ಕಕ್ಕಿಟ್ಟರೆ ಕಾಲು ಭಾರ ಅನ್ನಿಸುತ್ತದೆ. ಎರಡೂ ಕಾಲು ಸೇರಿದರೆ ಮೈತೂಕದ ಸುಮಾರು ಮೂರನೇ ಒಂದು ಭಾಗ, ಅಲ್ವಾ? ಅಷ್ಟೂ ಮುಂದೆ ಇರುವುದರಿಂದ ಭಾರದ ನಡುವೂ ಮುಂದೆ ಹೋಗುತ್ತದೆ. ಕೈಯನ್ನು ತೊಡೆಯ ಪಕ್ಕಕ್ಕೆ ನಾಲ್ಕು ಬೆರಳಷ್ಟು ಮುಂದೆ ಸರಿಸಿ, ಹೆಗಲನ್ನು ಕಿವಿಯಿಂದ ದೂರ ಕೆಳಕ್ಕೆ ಒತ್ತಿದರೆ ಸೊಂಟ ತಾನಾಗಿ ಹಿಂದೆ ಹೋಗಿ ತೂಗುತ್ತದೆ. ಕಾಲು ಇನ್ನೂ ಮೇಲೆತ್ತಿ ವಿ-ಸಿಟ್ ಕಡೆ ಹೋದಾಗ ಸೊಂಟ ಮುಂದೆ ಬಂದು ಕೈ ಹಿಂದುಳಿಯುತ್ತದೆ. ಆಗ ಬೆರಳು ಪಕ್ಕಕ್ಕೋ ಹಿಂದಕ್ಕೋ ತಿರುಗಿಸಿದರೆ ಹೆಗಲಿಗೆ ಜಾಗ ಸಿಗುತ್ತದೆ.

ಸ್ಪರ್ಧೆಯ ಜಿಮ್ನಾಸ್ಟಿಕ್ಸ್‌ನಲ್ಲಿ ಇಂಥ ಸ್ಥಿರ ಭಂಗಿಯನ್ನು 2 ಸೆಕೆಂಡ್ ನಿಲ್ಲಿಸಬೇಕು. ಮೇಲಿಂದ ತೂಗುವ ಎರಡು ಬಳೆಗಳ ರಿಂಗ್ಸ್‌ನಲ್ಲಿ ಮಣಿಕಟ್ಟು ಮಡಚಿ ರಿಂಗ್ ಮೇಲೆ ಹೊದಿಸಿಕೊಂಡು ಹಿಡಿದರೆ ಅಂಕ ಹೋಗುತ್ತದೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ರಿಂಗ್ಸ್ ಚಿನ್ನ ಗೆದ್ದ ಗ್ರೀಸ್‌ನ ಎಲೆಫ್ಥೀರಿಯೋಸ್ ಪೆಟ್ರೂನಿಯಾಸ್ ಅವರ ವೀಡಿಯೋ ಹಾಕಿ, ಮೈಯನ್ನು ಬಿಟ್ಟು ಬರೀ ಮಣಿಕಟ್ಟನ್ನೇ ನೋಡಿ. ಕಲಿಯೋಕೆ ಅದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ದಿನದ ತಯಾರಿ ಹೀಗಿದೆ. ಮೊಣಕಾಲೂರಿ ನಾಲ್ಕು ಕಾಲಿನ ಭಂಗಿಯಲ್ಲಿ ಕೈಗಳ ಮೇಲೆ ಹಿಂದೆ ಮುಂದೆ ತೂಗುವುದು, ಬೆರಳು ಮುಂದಿಟ್ಟು ಒಂದು ಸಲ, ಹಿಂದಿಟ್ಟು ಒಂದು ಸಲ. ಆಮೇಲೆ ಕೈಯ ಹಿಂಬದಿ ನೆಲಕ್ಕೆ ತಾಗಿಸಿ ತುಂಬಾ ಮೆಲ್ಲಗೆ. ಕೊನೆಗೆ ಬೆರಳು ಊರಿಕೊಂಡೇ ಅಂಗೈ ಬುಡವನ್ನು ಎತ್ತಿ ಇಳಿಸುವುದು. ಈ ಕೊನೆಯದನ್ನು ಯಾವ ದಿನವೂ ಬಿಡುವುದಿಲ್ಲ, ಬೆರಳಿಗೆ ಆ ಒತ್ತುವ ಕಸುವು ಬರುವುದು ಇದರಿಂದಲೇ. ಮನೆಯಲ್ಲಿ ಮಕ್ಕಳು ನೋಡಿ ಕಲಿಯುತ್ತಿದ್ದರೆ ದಯವಿಟ್ಟು ಗಮನ ಕೊಡಿ. ಅವರ ಮುಂಗೈ ಮೂಳೆಯ ತುದಿ ಇನ್ನೂ ಬೆಳೆಯುತ್ತಿರುತ್ತದೆ. ಮೇಲಿಂದ ಮೇಲೆ ಭಾರ ಬಿದ್ದರೆ ಆ ಬೆಳೆಯುವ ಭಾಗಕ್ಕೇ ಪೆಟ್ಟಾಗುತ್ತದೆ. ಮಣಿಕಟ್ಟು ನೋವು ಅಂದರೆ ಅವತ್ತೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಸದ್ಯದ ಸ್ಥಿತಿ: ಪ್ಯಾರಲೆಟ್ ಮೇಲೆ ಅಡ್ವಾನ್ಸ್‌ಡ್ ಟಕ್ ಬೆನ್ನು ಚಪ್ಪಟೆಯಾಗಿ ನಿಲ್ಲುತ್ತಿದೆ. ನೆಲದ ಮೇಲೆ ಅದೇ ಭಂಗಿ ಬರುತ್ತದೆ, ಆದರೆ ಕೊನೆ ಕ್ಷಣಗಳಲ್ಲಿ ಎಡಗೈಯ ತೋರುಬೆರಳ ಗೆಣ್ಣು ಏಳುತ್ತದೆ. ಬಲಗೈ ಅಚ್ಚು ಚೆನ್ನಾಗಿದೆ, ಎಡಗೈಯದು ಇನ್ನೂ ಹೊರಗಡೆಗೆ ವಾಲುತ್ತದೆ. ಮುಂದಿನ ಸುತ್ತಿನಲ್ಲಿ ಹೋಲ್ಡ್‌ನ ಸಮಯ ಹೆಚ್ಚಿಸುವುದಿಲ್ಲ. ಎಡಗೈ ಗೆಣ್ಣು ಎದ್ದ ಕ್ಷಣವೇ ಇಳಿದು, ಎರಡೂ ಅಚ್ಚು ಒಂದೇ ಥರ ಬೀಳುವವರೆಗೆ ಲೀನ್ ಮತ್ತು ಟಕ್‌ನಲ್ಲೇ ಇರುತ್ತೇನೆ. ಕಾಲು ಅಗಲಿಸಿ ಹಿಂದೆ ಚಾಚುವ ಸ್ಟ್ರಾಡಲ್ ಅದಾದ ಮೇಲೆ.