ಅಯೋವಾ ಗೆದ್ದವರಿಗೇ ಟಿಕೆಟ್ಟಾ?

ಇಲ್ಲಿ ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆಯ ವರ್ಷ ಬಂತೆಂದರೆ ಜನವರಿ, ಫೆಬ್ರವರಿಯಲ್ಲೇ ಊರಿನಿಂದ ಫೋನ್ ಶುರು. "ಅಯೋವಾದಲ್ಲಿ ಇಂಥವರು ಗೆದ್ದರಂತೆ, ಟಿವಿಯಲ್ಲಿ ತೋರಿಸ್ತಿದ್ದಾರೆ. ಇನ್ನು ಅವರಿಗೇ ಟಿಕೆಟ್ ಅಲ್ವಾ?" ಅಂತ ಸೋದರಮಾವ ಕೇಳುತ್ತಾರೆ. ನಾನು ಮೊದಲು ನ್ಯೂ ಹ್ಯಾಂಪ್‌ಶೈರ್‌ನ ನಾಶುವಾದಲ್ಲಿದ್ದೆ, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಮೊದಲನೆಯದು ಎಲ್ಲರಿಗಿಂತ ಮುಂಚೆ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ, ನಡೆಸುವ ರಾಜ್ಯ (ಅದಕ್ಕೂ ಮುಂಚಿನ ಅಯೋವಾದ್ದು ಪ್ರೈಮರಿಯಲ್ಲ, ಕಾಕಸ್ ಎಂಬ ಪಕ್ಷದ ಸಭೆ). ಎರಡನೆಯದು ಹೆಚ್ಚಾಗಿ ಜೂನ್‌ವರೆಗೆ ಕಾಯುವ ರಾಜ್ಯ. ಎರಡೂ ಕಡೆ ಇದ್ದು ನೋಡಿದ ಮೇಲೆ ಮಾವನಿಗೆ ನಾನು ಹೇಳುವುದಿಷ್ಟೇ: ಮೊದಲ ಗೆಲುವಿನಿಂದ ಟಿಕೆಟ್ ಸಿಗುವುದಿಲ್ಲ, ಆದರೆ ಮೊದಲ ಸೋಲಿನಿಂದ ಬಹಳ ಜನ ಕಣ ಬಿಡುತ್ತಾರೆ.

ನಮ್ಮಲ್ಲಿ ಯಾರು ನಿಲ್ಲಬೇಕೆಂದು ಹೈಕಮಾಂಡ್ ತೀರ್ಮಾನಿಸಿ ಬಿ ಫಾರಂ ಕೊಡುತ್ತದೆ. ಇಲ್ಲಿ ಆ ತೀರ್ಮಾನವನ್ನೂ ಮತದಾರರೇ ಮಾಡುತ್ತಾರೆ, ಒಂದೊಂದು ರಾಜ್ಯದಲ್ಲಿ ಒಂದೊಂದು ದಿನ. ಬಿದ್ದ ಮತ ನೋಡಿ ಸ್ಪರ್ಧಿಗಳಿಗೆ ತಮ್ಮ ಪರ ನಿಲ್ಲುವ ಪ್ರತಿನಿಧಿಗಳು ಸಿಗುತ್ತಾರೆ. ಕೊನೆಗೆ ಪಕ್ಷದ ಮಹಾಧಿವೇಶನದಲ್ಲಿ ಯಾರ ಕಡೆ ಬಹುಮತವೋ ಅವರೇ ಅಭ್ಯರ್ಥಿ. 2020ರಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಹೀಗೆ ಆರಿಸಬೇಕಾದ ಪ್ರತಿನಿಧಿಗಳು 3,979. ಅದರಲ್ಲಿ ಅಯೋವಾದ ಪಾಲು 41, ನ್ಯೂ ಹ್ಯಾಂಪ್‌ಶೈರ್‌ದು 24. ಲೆಕ್ಕ ನೋಡಿದರೆ ಎರಡೂ ಸೇರಿ ನೂರಕ್ಕೆ ಎರಡರಷ್ಟೂ ಆಗಲಿಲ್ಲ.

ಮತ್ತೆ ಅಷ್ಟೊಂದು ಗದ್ದಲ ಯಾಕೆ? ಅದು ಗೊತ್ತಾಗಬೇಕಾದರೆ ನಾಶುವಾದಲ್ಲಿ ಒಂದು ಚಳಿಗಾಲ ಕಳೆಯಬೇಕು. ಅಧ್ಯಕ್ಷರಾಗಲು ಹೊರಟವರು ಶಾಲೆಯ ಹಾಲ್‌ಗೆ, ಡೈನರ್‌ಗೆ, ಯಾರದೋ ಮನೆಯ ಹಜಾರಕ್ಕೆ ಬರುತ್ತಾರೆ. ಬಾಗಿಲ ಬಳಿ ಹಿಮ ಮೆತ್ತಿದ ಬೂಟುಗಳ ರಾಶಿ. ಒಳಗೆ ಒಬ್ಬ ಅಜ್ಜಿ ತಮ್ಮ ಮಾತ್ರೆಯ ರೇಟು ಹೇಳಿ, "ಇದಕ್ಕೆ ಏನು ಮಾಡ್ತೀರಿ?" ಅಂತ ನೇರವಾಗಿ ಕೇಳುತ್ತಾರೆ. ಅಭ್ಯರ್ಥಿ ಉತ್ತರ ಕೊಡಲೇಬೇಕು. ಮತದಾನದ ದಿನ ಯಾವ ಪಕ್ಷಕ್ಕೂ ಸೇರದವರು ಯಾವುದಾದರೂ ಒಂದು ಪಕ್ಷದ ಮತಪತ್ರ ಕೇಳಿ ಪಡೆಯಬಹುದು. ಮತ ಹಾಕಿ, ಹೊರಡುವ ಮುಂಚೆ ಅಲ್ಲೇ ಸಹಿ ಮಾಡಿ ಮತ್ತೆ ಪಕ್ಷೇತರ ಮತದಾರರಾಗಿಬಿಡಬಹುದು. ನನಗೆ ಆಗ ಮತದ ಹಕ್ಕಿರಲಿಲ್ಲ. ಆದರೂ ಇಷ್ಟು ಹತ್ತಿರದಿಂದ ರಾಜಕಾರಣಿಗಳನ್ನು ಪ್ರಶ್ನೆ ಕೇಳುವ ಜನರನ್ನು ನೋಡಿ ನಿಜಕ್ಕೂ ಖುಷಿಯಾಗಿತ್ತು.

2008 ನನಗೆ ಚೆನ್ನಾಗಿ ನೆನಪಿದೆ. ಜನವರಿ 3ಕ್ಕೆ ಒಬಾಮ ಅಯೋವಾ ಗೆದ್ದರು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮತದಾನ ಐದೇ ದಿನಕ್ಕೆ. ಸಮೀಕ್ಷೆಗಳೆಲ್ಲ ಒಬಾಮ ಮುಂದೆ ಅಂದವು. ಆಫೀಸಿನಲ್ಲೂ ಎಲ್ಲರದೂ ಅದೇ ಮಾತು. ರಾತ್ರಿ ನೋಡಿದರೆ ಗೆದ್ದವರು ಹಿಲರಿ ಕ್ಲಿಂಟನ್. ಒಬಾಮ ಸೋಲೊಪ್ಪಿ ಭಾಷಣ ಮಾಡಿದ್ದು ನಮ್ಮ ನಾಶುವಾದಲ್ಲೇ. ಅಂದು ಸೋತವರು ಅಭ್ಯರ್ಥಿಯಾದರು, ಗೆದ್ದವರು ಜೂನ್‌ವರೆಗೆ ಹೋರಾಡಿ ಹಿಂದೆ ಸರಿದರು. ಹಾಗಂತ ಅಯೋವಾ ಗೆಲುವು ಸುಮ್ನೆ ಹೋಯಿತು ಅಂತಲ್ಲ. ಬಿಳಿಯರೇ ಜಾಸ್ತಿ ಇರುವ ರಾಜ್ಯದಲ್ಲಿ ಒಬ್ಬ ಕಪ್ಪು ಅಭ್ಯರ್ಥಿ ಗೆಲ್ಲಬಹುದು ಅಂತ ಅದು ತೋರಿಸಿಕೊಟ್ಟಿತು. ಅದೇ ತಿಂಗಳು ಸೌತ್ ಕ್ಯಾರೊಲಿನಾದ ಕಪ್ಪು ಮತದಾರರು ಒಟ್ಟಾಗಿ ಅವರ ಬೆನ್ನಿಗೆ ನಿಂತರು.

2020ರ ಕತೆ ಇನ್ನೂ ಜೋರು. ಬೈಡನ್ ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಫಲಿತಾಂಶ ಪೂರ್ತಿ ಬರುವ ಮುಂಚೆಯೇ ಅವರು ಸೌತ್ ಕ್ಯಾರೊಲಿನಾಕ್ಕೆ ಹೊರಟುಬಿಟ್ಟರು. ಅವರ ಕತೆ ಮುಗೀತು ಅಂತ ಎಷ್ಟೋ ಜನ ಬರೆದರು. ಅತ್ತ ಅವರ ಎದುರಾಳಿ ಸ್ಯಾಂಡರ್ಸ್‌ಗೆ ಅಯೋವಾ, ನ್ಯೂ ಹ್ಯಾಂಪ್‌ಶೈರ್, ನೆವಾಡಾ ಮೂರರಲ್ಲೂ ಎಲ್ಲರಿಗಿಂತ ಹೆಚ್ಚು ಮತ. ಫೆಬ್ರವರಿ 26ರಂದು ಸೌತ್ ಕ್ಯಾರೊಲಿನಾದ ಹಿರಿಯ ಸಂಸದ ಜಿಮ್ ಕ್ಲೈಬರ್ನ್ ಬೈಡನ್‌ಗೆ ಬೆಂಬಲ ಹೇಳಿದರು. 29ಕ್ಕೆ ಬೈಡನ್ ಅಲ್ಲಿ ದೊಡ್ಡ ಅಂತರದಲ್ಲಿ ಗೆದ್ದರು. ಮುಂದಿನ ಎರಡು ದಿನದಲ್ಲಿ ಬುಟಿಜೆಜ್, ಕ್ಲೋಬುಚಾರ್ ಇಬ್ಬರೂ ಕಣ ಬಿಟ್ಟು ಬೈಡನ್ ಜೊತೆ ನಿಂತರು. ಮಾರ್ಚ್ 3 ಸೂಪರ್ ಟ್ಯೂಸ್‌ಡೇ, ಅಂದರೆ ಒಂದೇ ದಿನ ಹಲವು ರಾಜ್ಯಗಳು ಮತ ಹಾಕುವ ಮಂಗಳವಾರ; ಅಂದು 14 ರಾಜ್ಯಗಳ ಪೈಕಿ 10 ಬೈಡನ್ ಪಾಲಾದವು. ಅಷ್ಟು ಮತದಾರರ ಮನಸ್ಸು ಒಂದೇ ವಾರದಲ್ಲಿ ಬದಲಾಗಿದ್ದು ಯಾರು ಮೊದಲು ಗೆದ್ದರು ಅನ್ನುವುದರಿಂದಲ್ಲ. ಯಾರು ಉಳಿದರು, ಉಳಿದವರಲ್ಲಿ ಪಕ್ಷದ ಗಟ್ಟಿ ಮತದಾರರು ಯಾರನ್ನು ನಂಬಿದರು ಅನ್ನುವುದರಿಂದ.

ಇನ್ನೊಂದು ವಿಷಯ ಊರಿನವರಿಗೆ ಕಾಣುವುದಿಲ್ಲ. ಇಲ್ಲಿ ಗೆಲುವಿಗಿಂತ ಗೆದ್ದರು ಅನ್ನುವ ಸುದ್ದಿಗೇ ಬೆಲೆ. 2012ರಲ್ಲಿ ಅಯೋವಾದ ರಿಪಬ್ಲಿಕನ್ ಮತಎಣಿಕೆ ಮುಗಿದಾಗ ರಾಮ್ನಿ 8 ಮತದಿಂದ ಮುಂದೆ ಅಂದರು. ಅದೇ ದೇಶವೆಲ್ಲ ಹಬ್ಬಿತು. ಎರಡು ವಾರ ಕಳೆದ ಮೇಲೆ, ಸಾಂಟೋರಮ್ 34 ಮತದಿಂದ ಮುಂದಿದ್ದರು ಅಂತ ತಿದ್ದಿದರು. ಅಷ್ಟರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಮ್ನಿ ಕೈಗೆ ಬಂದಾಗಿತ್ತು. 1972ರಲ್ಲಂತೂ ಡೆಮಾಕ್ರಟಿಕ್ ಪಕ್ಷದ ಎಡ್ಮಂಡ್ ಮಸ್ಕಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸುಮಾರು 46% ಮತ ಪಡೆದು ಗೆದ್ದರು. ಆದರೆ ಮಸ್ಕಿ ಪಕ್ಕದ ಮೇನ್ ರಾಜ್ಯದವರಾದ್ದರಿಂದ ಇನ್ನೂ ಜಾಸ್ತಿ ಬರಬೇಕಿತ್ತು ಅಂದರು ಜನ. 37% ಪಡೆದ ಎದುರಾಳಿ ಮೆಕ್‌ಗವರ್ನ್ ಬಲಶಾಲಿಯಾಗಿ ಕಂಡರು. ಟಿಕೆಟ್ ಸಿಕ್ಕಿದ್ದೂ ಅವರಿಗೇ.

ಸುದ್ದಿ ಬಂದ ಕಡೆ ದೇಣಿಗೆ ಬರುತ್ತದೆ. ಸುದ್ದಿ ನಿಂತರೆ ದೇಣಿಗೆ ನಿಲ್ಲುತ್ತದೆ, ಸಿಬ್ಬಂದಿಗೆ ಸಂಬಳ ಕೊಡಲಾಗುವುದಿಲ್ಲ. ಅಭ್ಯರ್ಥಿ ಕಣ ಬಿಡುವುದು ಹೆಚ್ಚಾಗಿ ಹೀಗೆ.

ರಿಪಬ್ಲಿಕನ್ನರಲ್ಲಿ ನಿಯಮವೇ ಬೇರೆ. ಡೆಮಾಕ್ರಟರು 15% ದಾಟಿದವರಿಗೆಲ್ಲ ಪ್ರತಿನಿಧಿಗಳನ್ನು ಹಂಚುತ್ತಾರೆ. ರಿಪಬ್ಲಿಕನ್ನರ ಕೆಲವು ರಾಜ್ಯಗಳಲ್ಲಿ ಮೊದಲು ಬಂದವರಿಗೇ ಎಲ್ಲ. 2016ರಲ್ಲಿ ಟ್ರಂಪ್ ಅಯೋವಾ ಸೋತರು. ಆದರೆ ಸೌತ್ ಕ್ಯಾರೊಲಿನಾದಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಮತಕ್ಕೇ 50 ಪ್ರತಿನಿಧಿಗಳೂ ಅವರಿಗೇ ಹೋದರು. ಎದುರಾಳಿಗಳ ಮತ ಒಡೆದರೆ ಇಂಥ ಗೆಲುವು ನಿಜಕ್ಕೂ ದೊಡ್ಡದು. ಅಯೋವಾ ಮಾತ್ರ ಅವರಲ್ಲೂ ಭರವಸೆ ಕೊಡುವುದಿಲ್ಲ: 2008ರ ಹಕಬಿ, 2012ರ ಸಾಂಟೋರಮ್, 2016ರ ಕ್ರೂಜ್ ಮೂವರೂ ಅಲ್ಲಿ ಗೆದ್ದು ಟಿಕೆಟ್ ಕಳೆದುಕೊಂಡರು.

ನನ್ನ ಬೇಸರ ಬೇರೆ ಇದೆ. ಈಗ ನಾನು ಇಲ್ಲಿನ ಪ್ರಜೆ, ಮತ ಹಾಕುತ್ತೇನೆ. 2020ರಲ್ಲಿ ಕೋವಿಡ್‌ನಿಂದ ನ್ಯೂಜೆರ್ಸಿ ಪ್ರೈಮರಿ ಜುಲೈ 7ಕ್ಕೆ ಹೋಯಿತು. ಅಷ್ಟರಲ್ಲಿ ಬೈಡನ್‌ಗೆ ಬಹುಮತ ಸಿಕ್ಕಾಗಿತ್ತು. ನನಗೆ ಇಷ್ಟವಿದ್ದವರು ನಾಲ್ಕು ತಿಂಗಳ ಹಿಂದೆಯೇ ಕಣ ಬಿಟ್ಟಿದ್ದರು. ನಮ್ಮ ಸುತ್ತಮುತ್ತ ಎಲ್ಲ ಬಣ್ಣದ, ಎಲ್ಲ ದೇಶದಿಂದ ಬಂದ ಜನರಿದ್ದಾರೆ, ಆದರೆ ಆಯ್ಕೆ ನಮ್ಮವರೆಗೆ ಬರುವುದೇ ಇಲ್ಲ. ಕ್ಯಾಲಿಫೋರ್ನಿಯಾದಂಥ ದೊಡ್ಡ ರಾಜ್ಯವೇ ಮೊದಲಾಗಲಿ ಅಂತ ನಾನು ಹೇಳುವುದಿಲ್ಲ, ಅಲ್ಲಿ ಟಿವಿ ಜಾಹೀರಾತಿಗೆ ಹಣ ಇಲ್ಲದವರು ನಿಲ್ಲಲಾರರು. ನೆವಾಡಾದಂಥ, ಚಿಕ್ಕದಾದರೂ ಎಲ್ಲ ಥರದ ಜನರಿರುವ ರಾಜ್ಯ ಮೊದಲಿರಲಿ. 2024ರಲ್ಲಿ ಡೆಮಾಕ್ರಟರು ಸೌತ್ ಕ್ಯಾರೊಲಿನಾವನ್ನು ಮೊದಲು ಮಾಡಲು ಹೊರಟರು. ತಾವೇ ಮೊದಲಿರಬೇಕೆಂದು ಕಾನೂನೇ ಮಾಡಿಕೊಂಡಿರುವ ನ್ಯೂ ಹ್ಯಾಂಪ್‌ಶೈರ್ ಕೇಳಲಿಲ್ಲ, ಜನವರಿ 23ಕ್ಕೇ ಮತದಾನ ನಡೆಸಿತು. ಮತಪತ್ರದಲ್ಲಿ ಬೈಡನ್ ಹೆಸರೇ ಇರಲಿಲ್ಲ. ಜನ ಪೆನ್ನಿನಲ್ಲಿ ಬರೆದು ಅವರನ್ನು ಗೆಲ್ಲಿಸಿದರು.