ವೋಲ್ಟೇಜ್ ಮೊದಲು, ವೇಗ ಆಮೇಲೆ

ಪೀಣ್ಯದ ಶೆಡ್ಡೊಂದರಲ್ಲಿ ಲೇತ್ ಯಂತ್ರ ನಡೆಸುವ ಹಳೆಯ ಕಂಪ್ಯೂಟರನ್ನು ನಾನು ನೋಡಿಕೊಳ್ಳುತ್ತೇನೆ. ಯಂತ್ರದ ಕಂಟ್ರೋಲ್ ಕಾರ್ಡ್ ಕೂರುವುದು ಐಎಸ್ಎ ಎಂಬ ಹಳೆಯ ಮಾದರಿಯ ಸ್ಲಾಟಿನಲ್ಲಿ. ಈಗ ಅಂಗಡಿಗಳಲ್ಲಿ ಸಿಗುವ ಮದರ್‌ಬೋರ್ಡುಗಳಲ್ಲಿ ಆ ಸ್ಲಾಟೇ ಇಲ್ಲ. ಹಾಗಾಗಿ ಈ ಕಂಪ್ಯೂಟರಿನ ಸಾಕೆಟ್ 7 (ಪ್ರೊಸೆಸರ್ ಕೂರುವ ಹಳೆಯ ಮಾದರಿಯ ಸಾಕೆಟ್) ಬೋರ್ಡನ್ನು ಜೋಪಾನ ಮಾಡಲೇಬೇಕು. ಇತ್ತೀಚೆಗೆ ಅದರ 133 ಮೆಗಾಹರ್ಟ್ಸ್ ಪೆಂಟಿಯಂ ಪ್ರೊಸೆಸರ್ ಕೆಟ್ಟಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದಾಗ ಸಿಕ್ಕಿದ್ದು 233ರ ಪೆಂಟಿಯಂ ಎಂಎಂಎಕ್ಸ್. ಎರಡೂ ಅದೇ ಸಾಕೆಟ್ಟಿನಲ್ಲಿ ಸಲೀಸಾಗಿ ಕೂರುತ್ತವೆ. ಅಪಾಯವಿರುವುದೇ ಅಲ್ಲಿ.

ಹಳೆಯ ಪೆಂಟಿಯಂ ಪೂರ್ತಿ 3.3 ವೋಲ್ಟಿನ ಆಸುಪಾಸಿನಲ್ಲಿ ನಡೆಯುತ್ತಿತ್ತು. ಎಂಎಂಎಕ್ಸ್‌ನ ಒಳಭಾಗಕ್ಕೆ ಬೇಕಾದದ್ದು 2.8 ವೋಲ್ಟ್ ಮಾತ್ರ. ನಮ್ಮ ಬೋರ್ಡು ಇದನ್ನು ತಾನಾಗಿ ಗುರುತಿಸುವುದಿಲ್ಲ, ಜಂಪರ್, ಅಂದರೆ ಎರಡು ಪಿನ್ನುಗಳನ್ನು ಜೋಡಿಸುವ ಪುಟ್ಟ ಟೋಪಿ, ಹೇಳಿದಷ್ಟು ಕೊಡುತ್ತದೆ. ವೇಗದ ಜಂಪರ್ ತಪ್ಪಿದರೆ ಯಂತ್ರ ನಿಧಾನವಾದೀತು, ಇಲ್ಲವೇ ಏಳದೇ ಹೋದೀತು, ಸರಿಪಡಿಸಿಕೊಳ್ಳಬಹುದು. ವೋಲ್ಟೇಜ್ ತಪ್ಪಿದರೆ ಚಿಪ್ ಕಾದು ಸತ್ತೇ ಹೋಗಬಹುದು. ಆದ್ದರಿಂದ ಚಿಪ್ಪಿನ ಮೇಲಿನ ಬರಹ, ಬೋರ್ಡಿನ ಮೇಲೆ ಅಚ್ಚಾದ ಕೋಷ್ಟಕ ಎರಡನ್ನೂ ಟಾರ್ಚ್ ಹಿಡಿದು ಓದಿದ ಮೇಲೆಯೇ ನಾನು ಕೈ ಹಾಕುವುದು. ನೆನಪನ್ನು ನಂಬುವ ಕೆಲಸವಲ್ಲ ಇದು.

ಕೈ ಹಾಕುವ ಮೊದಲು ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತಿಡಬೇಕು. ಈ ಹಳೆಯ ಎಟಿ ಮಾದರಿಯ ಕಂಪ್ಯೂಟರಿನಲ್ಲಿ ಮುಂಬದಿಯ ಸ್ವಿಚ್ಚಿಗೇ 230 ವೋಲ್ಟ್ ಬಂದಿರುತ್ತದೆ. ಹೊಸ ಎಟಿಎಕ್ಸ್ ಮಾದರಿಯಾದರೆ, ಪ್ಲಗ್ ಇದ್ದಷ್ಟು ಹೊತ್ತು ಆಫ್ ಮಾಡಿದರೂ ಬೋರ್ಡಿಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಆಮೇಲೆ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಇದ್ದ ಜಂಪರ್‌ಗಳ ಫೋಟೊ ತೆಗೆಯುತ್ತೇನೆ. ಒಂದನೇ ಪಿನ್ ಯಾವುದೆಂದು ಅನುಮಾನವಾದರೆ ಬೋರ್ಡಿನ ಹಿಂಬದಿ ನೋಡಿ: ಸಾಮಾನ್ಯವಾಗಿ ಅದರ ಬೆಸುಗೆಯ ಗುರುತು ಚೌಕ, ಉಳಿದವು ದುಂಡಗೆ. ಜಂಪರನ್ನು ನೇರವಾಗಿ ಮೇಲಕ್ಕೆ ಎಳೆಯಬೇಕು. ತಿರುಚಿದರೆ ಪಿನ್ ಬಾಗುತ್ತದೆ. ಬೇಡವಾದದ್ದನ್ನು ಜೇಬಿಗೆ ಹಾಕದೆ ಒಂದೇ ಪಿನ್ನಿಗೆ ತೂಗಿಬಿಟ್ಟರೆ ಕಳೆಯುವುದಿಲ್ಲ. ಸರ್ಕ್ಯೂಟ್ ಕೂಡ ತೆರೆದೇ ಇರುತ್ತದೆ.

ಇನ್ನು ವೇಗ. ಬಸ್ಸಿನ, ಅಂದರೆ ಬೋರ್ಡಿನ ಮೂಲ ವೇಗದ, ಸುಮಾರು 66.6 ಮೆಗಾಹರ್ಟ್ಸನ್ನು 3.5ರಿಂದ ಗುಣಿಸಿದರೆ 233. ನಮ್ಮ ಕೋಷ್ಟಕದಲ್ಲಿ 3.5 ಎಂಬುದೇ ಇಲ್ಲ! ಆದರೆ ಈ ಚಿಪ್ 1.5ರ ಜಂಪರನ್ನು 3.5 ಎಂದು ಓದುತ್ತದೆ. ಇಂಟೆಲ್‌ನವರ ಈ ಜಾಣ್ಮೆ ನನಗೆ ಬಹಳ ಇಷ್ಟ. ಹಳೆಯ ಬೋರ್ಡುಗಳಿಗೆ ಇದರಿಂದ ಆಯಸ್ಸು ಸಿಕ್ಕಿತು.

ಇನ್ನೊಂದು ಮಾತು. ಸಿಮಾಸ್ (ಕಂಪ್ಯೂಟರಿನ ಮೂಲ ಹೊಂದಿಕೆಗಳನ್ನು ನೆನಪಿಡುವ ಚಿಪ್) ಅಳಿಸುವ ಜಂಪರನ್ನು ಸುಮ್ಮನೆ ಮುಟ್ಟಬೇಡಿ. ಮುಟ್ಟಲೇಬೇಕಾದರೆ ಹಾರ್ಡ್ ಡಿಸ್ಕಿನ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳನ್ನೂ ಡಿಸ್ಕ್ ಓದುವ ವಿಧಾನ ನಾರ್ಮಲ್, ಲಾರ್ಜ್, ಎಲ್‌ಬಿಎಗಳಲ್ಲಿ ಯಾವುದಕ್ಕೆ ಹೊಂದಿಸಿದೆ ಎಂಬುದನ್ನೂ ಮೊದಲು ಕಾಗದದಲ್ಲಿ ಬರೆದುಕೊಳ್ಳಿ. ಆ ಆಯ್ಕೆ ಬದಲಾದರೆ ಡಿಸ್ಕಿನಲ್ಲಿ ಎಲ್ಲವೂ ಇದ್ದರೂ ಕಂಪ್ಯೂಟರಿಗೆ ಓದಲಾಗದೇ ಹೋಗಬಹುದು. ಜಂಪರನ್ನು ಮೊದಲಿನ ಜಾಗಕ್ಕೆ ತಂದ ಮೇಲೆಯೇ ವಿದ್ಯುತ್ ಕೊಡಿ.